ಎತ್ತರ ನಿಂತ ಮೇಲೂ ಆರೈಕೆ ನಿಲ್ಲದಿರಲಿ



ಮಕ್ಕಳನ್ನು ನಡುಮನೆಯ ಕಂಬಕ್ಕೆ ಒರಗಿಸಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯುವ ಹಿರಿಯರು ಇಂದಿಗೂ ನಮ್ಮ ಹಲವು ಮನೆಗಳಲ್ಲಿದ್ದಾರೆ. ಮುಂದಿನ ಹಬ್ಬದ ಹೊತ್ತಿಗೆ ಗೆರೆ ಮೇಲೇರಿದರೆ ಮನೆಮಂದಿಗೆಲ್ಲ ಸಂತೋಷ. ವರ್ಷ ಕಳೆದರೂ ಗೆರೆ ಇದ್ದಲ್ಲಿಯೇ ಇದ್ದರೆ ತಾಯಿಯ ಮನಸ್ಸಿನಲ್ಲಿ ಅಳುಕು ಹುಟ್ಟುತ್ತದೆ. ಅಂತಹ ಅಳುಕಿನಿಂದ ಆರಂಭವಾಗಿ, ವರ್ಷಗಟ್ಟಲೆ ಚಿಕಿತ್ಸೆಯ ಹಾದಿಯಲ್ಲಿ ನಡೆದ ಒಂದು ಕುಟುಂಬದ ಪ್ರಶ್ನೆಯೇ ಈ ತಿಂಗಳ ಬರಹಕ್ಕೆ ಕಾರಣ.

ಈಚೆಗೆ ದೊಡ್ಡಬಳ್ಳಾಪುರದ ಮದುವೆಯೊಂದರಲ್ಲಿ ಊಟ ಮುಗಿಸಿ ಕುಳಿತಿದ್ದಾಗ ತಾಯಿಯೊಬ್ಬರು ಹತ್ತಿರ ಬಂದು ಮಾತನಾಡಿಸಿದರು. ಪತಿ ವಿದ್ಯುತ್ ಮಗ್ಗಗಳನ್ನು ನಡೆಸುವವರು. ಒಬ್ಬನೇ ಮಗ. ಒಂಬತ್ತನೆಯ ವಯಸ್ಸಿನಲ್ಲಿ ಅವನಿಗೆ ಬೆಳವಣಿಗೆಯ ಹಾರ್ಮೋನಿನ ಕೊರತೆಯಿದೆಯೆಂದು ಬೆಂಗಳೂರಿನ ವೈದ್ಯರು ಕಂಡುಹಿಡಿದರು. ಅಂದಿನಿಂದ ಪ್ರತಿ ರಾತ್ರಿಯೂ ತಾಯಿಯೇ ಚುಚ್ಚುಮದ್ದು ಕೊಟ್ಟರು. ಮಗ ಬೆಳೆದ. ಈಗ ಅವನಿಗೆ ಹದಿನೆಂಟು ತುಂಬಿದೆ, ಕಾಲೇಜಿಗೆ ಹೋಗುತ್ತಾನೆ. ಮಕ್ಕಳ ವೈದ್ಯರು, "ಇನ್ನು ಮುಂದೆ ದೊಡ್ಡವರ ವಿಭಾಗದಲ್ಲಿ ತೋರಿಸಿಕೊಳ್ಳಿ" ಎಂದು ಚೀಟಿ ಬರೆದುಕೊಟ್ಟಿದ್ದಾರೆ. ಆ ಚೀಟಿ ನಾಲ್ಕು ತಿಂಗಳಿನಿಂದ ಬೀರುವಿನಲ್ಲಿಯೇ ಇದೆ.

"ಎತ್ತರ ಬಂದಾಯಿತಲ್ಲ ಅಣ್ಣಾವ್ರೇ, ಇನ್ನೇತಕ್ಕೆ ಆಸ್ಪತ್ರೆ? ಸೂಜಿ ನಿಲ್ಲಿಸಿದ್ದೇವೆ. ಬೆಳಿಗ್ಗೆ ನುಂಗುವ ಎರಡು ಮಾತ್ರೆ ಇವೆ. ಅವನ್ನೂ ಬಿಡಿಸಿಬಿಟ್ಟರೆ ಮದುವೆಯ ಮಾತು ಬಂದಾಗ ಯಾರಿಗೂ ಏನೂ ಹೇಳಬೇಕಾಗಿಲ್ಲ, ಅಲ್ಲವೇ?" ಎಂದರು ಆ ತಾಯಿ.

ಕೊನೆಯ ಮಾತನ್ನು ಕೇಳಿ ನನ್ನ ಎದೆ ಝಲ್ಲೆಂದಿತು. ಆ ಎರಡು ಮಾತ್ರೆಗಳಲ್ಲಿ ಒಂದು ಥೈರಾಯ್ಡಿಗೆ ಸಂಬಂಧಿಸಿದ್ದು, ಇನ್ನೊಂದು ಹೈಡ್ರೋಕಾರ್ಟಿಸೋನ್. ಇದನ್ನು ಹಠಾತ್ತನೆ ಬಿಟ್ಟರೆ ಪ್ರಾಣಕ್ಕೇ ಸಂಚಕಾರ. "ತಾಯಿ, ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ. ಸೋಮವಾರವೇ ಆ ಚೀಟಿಯನ್ನು ಹಿಡಿದು ಹೊರಡಿ" ಎಂದು ಹೇಳಿ ಕಳುಹಿಸಿದೆ. ಆದರೆ ಆಕೆಯ ತಪ್ಪು ತಿಳಿವಳಿಕೆ ಆಕೆಯೊಬ್ಬರದೇ ಅಲ್ಲ. ಆದಕಾರಣ ಈ ವಿಷಯವನ್ನು ಎಲ್ಲ ತಂದೆತಾಯಂದಿರ ಮುಂದಿಡುವುದು ಅಗತ್ಯವೆಂದು ಭಾವಿಸಿದ್ದೇನೆ.

ಮೂಗಿನ ಬುಡದ ಹಿಂದೆ, ಮೆದುಳಿನ ತಳದಲ್ಲಿ, ಬಟಾಣಿ ಕಾಳಿನಷ್ಟು ಗಾತ್ರದ ಪಿಟ್ಯುಟರಿ ಎಂಬ ಗ್ರಂಥಿಯಿದೆ. ಗಾತ್ರ ಕಿರಿದಾದರೂ ಅದರ ಅಧಿಕಾರ ಹಿರಿದು. ಬೆಳವಣಿಗೆಯ ಹಾರ್ಮೋನು ಅಲ್ಲಿಂದಲೇ ಹೊರಡುತ್ತದೆ. ಥೈರಾಯ್ಡ್ ಗ್ರಂಥಿಗೆ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಗೆ, ಗಂಡುಮಕ್ಕಳ ವೃಷಣಗಳಿಗೆ, ಹೆಣ್ಣುಮಕ್ಕಳ ಅಂಡಾಶಯಗಳಿಗೆ ಕೆಲಸ ಮಾಡೆಂದು ಅಪ್ಪಣೆ ಹೋಗುವುದೂ ಅಲ್ಲಿಂದಲೇ. ಕೆಲವು ಮಕ್ಕಳಲ್ಲಿ ಬೆಳವಣಿಗೆಯ ಹಾರ್ಮೋನು ಮಾತ್ರ ಕಡಿಮೆಯಿರುತ್ತದೆ. ಮತ್ತೆ ಕೆಲವರಲ್ಲಿ ಎರಡು ಮೂರು ಹಾರ್ಮೋನುಗಳು ಒಟ್ಟಿಗೇ ಕೊರತೆಯಾಗಿರುತ್ತವೆ. ಹುಟ್ಟಿನಿಂದಲೇ ಗ್ರಂಥಿಯ ರಚನೆಯಲ್ಲಿ ದೋಷವಿರುವುದು, ವಂಶವಾಹಿಯ ದೋಷ, ಆ ಭಾಗದಲ್ಲಿ ಗಡ್ಡೆ ಬೆಳೆದು ಶಸ್ತ್ರಚಿಕಿತ್ಸೆಯಾಗಿರುವುದು, ತಲೆಗೆ ವಿಕಿರಣ ಚಿಕಿತ್ಸೆ ದೊರೆತಿರುವುದು ಇವೆಲ್ಲ ಕಾರಣಗಳಾಗಬಹುದು. ಎಷ್ಟೋ ಮಕ್ಕಳಲ್ಲಿ ಕಾರಣವೇ ತಿಳಿಯುವುದಿಲ್ಲ.

ಹಾಗಾದರೆ ಈ ಚಿಕಿತ್ಸೆ ಎತ್ತರಕ್ಕೆ ಮಾತ್ರ ಎಂಬ ಭಾವನೆ ಎಲ್ಲಿಂದ ಬಂದಿತು? ಅದಕ್ಕೊಂದು ಚರಿತ್ರೆಯಿದೆ. 1958ರಲ್ಲಿ ಅಮೆರಿಕದ ವೈದ್ಯ ಮಾರಿಸ್ ರಾಬೆನ್ ಅವರು ಮಾನವ ಪಿಟ್ಯುಟರಿಯಿಂದ ತೆಗೆದ ಹಾರ್ಮೋನಿನಿಂದ ಒಬ್ಬ ಹುಡುಗನನ್ನು ಬೆಳೆಯಿಸಿದ ವರದಿಯನ್ನು ಪ್ರಕಟಿಸಿದರು. ಆ ಕಾಲದಲ್ಲಿ ಈ ಔಷಧವನ್ನು ಮೃತರ ಗ್ರಂಥಿಗಳಿಂದಲೇ ಸಂಗ್ರಹಿಸಬೇಕಾಗಿತ್ತು. ದೊರೆಯುತ್ತಿದ್ದುದು ಅತ್ಯಲ್ಪ. ಆದುದರಿಂದ ಬೆಳೆಯುವ ಮಕ್ಕಳಿಗೆ ಮಾತ್ರ, ಬೆಳೆಯುವವರೆಗೆ ಮಾತ್ರ ಎಂಬ ಕಟ್ಟು ಸಹಜವಾಗಿಯೇ ಏರ್ಪಟ್ಟಿತು. ಅಂತಹ ಔಷಧ ಪಡೆದ ಕೆಲವರಿಗೆ ಮೆದುಳಿನ ಮಾರಕ ರೋಗವೊಂದು ಅಂಟಿದುದು ತಿಳಿದಾಗ 1985ರಲ್ಲಿ ಅಮೆರಿಕದಲ್ಲಿ ಅದರ ಬಳಕೆ ನಿಂತಿತು. ಅದೇ ವರ್ಷ ಪ್ರಯೋಗಾಲಯದಲ್ಲಿ ತಯಾರಾದ ಹೊಸ ಔಷಧಕ್ಕೆ ಅಲ್ಲಿ ಅನುಮತಿ ದೊರೆಯಿತು. ಇಂದು ನಮ್ಮ ಮಕ್ಕಳಿಗೆ ಕೊಡುವುದು ಈ ಬಗೆಯದೇ. ಹಳೆಯ ಭಯಕ್ಕೆ ಕಾರಣವಿಲ್ಲ. ಔಷಧ ಧಾರಾಳವಾದ ಮೇಲೆ 1989ರಲ್ಲಿ ಡೆನ್ಮಾರ್ಕ್ ಮತ್ತು ಇಂಗ್ಲೆಂಡಿನ ವೈದ್ಯರು ವಯಸ್ಕರಿಗೂ ಅದನ್ನು ಕೊಟ್ಟು ನೋಡಿದರು. ಅವರ ಮೈಯ ಕೊಬ್ಬು ಇಳಿದು ಸ್ನಾಯು ಹೆಚ್ಚಿತು. 1996ರಲ್ಲಿ ಅಮೆರಿಕವು ವಯಸ್ಕರ ಕೊರತೆಗೂ ಈ ಚಿಕಿತ್ಸೆಯನ್ನು ಅಂಗೀಕರಿಸಿತು. ಎತ್ತರ ಬಂದರೆ ಮುಗಿಯಿತು ಎಂಬ ಮಾತು ಔಷಧದ ಅಭಾವದ ಕಾಲದಲ್ಲಿ ಹುಟ್ಟಿದ್ದು. ಅಭಾವ ಹೋದರೂ ಮಾತು ಉಳಿದಿದೆ.

ಬೆಳವಣಿಗೆಯ ಹಾರ್ಮೋನಿನ ಕೆಲಸ ಎತ್ತರದೊಡನೆ ಮುಗಿಯುವುದಿಲ್ಲ. ಮೂಳೆಗಳು ಉದ್ದವಾಗುವುದು ನಿಂತ ಮೇಲೂ ಇಪ್ಪತ್ತೈದರ ಆಸುಪಾಸಿನವರೆಗೆ ಒಳಗೆ ಗಟ್ಟಿಯಾಗುತ್ತಲೇ ಇರುತ್ತವೆ. ಆ ವಯಸ್ಸಿನಲ್ಲಿ ಕೂಡಿಟ್ಟ ಮೂಳೆಯ ಬಲವೇ ಮುಪ್ಪಿನವರೆಗಿನ ಬಂಡವಾಳ. ತೀವ್ರ ಕೊರತೆ ಉಳಿದವರಿಗೆ ಚಿಕಿತ್ಸೆ ದೊರೆಯದಿದ್ದರೆ ಮೂಳೆ ತೆಳುವಾಗಬಹುದು, ಸ್ನಾಯುಬಲ ಕುಗ್ಗಬಹುದು, ಹೊಟ್ಟೆಯ ಸುತ್ತ ಕೊಬ್ಬು ಸೇರಬಹುದು, ರಕ್ತದಲ್ಲಿ ಕೊಲೆಸ್ಟರಾಲ್ ಏರಬಹುದು. ಸದಾ ಆಯಾಸ, ಯಾವುದರಲ್ಲಿಯೂ ಉತ್ಸಾಹವಿಲ್ಲದಿರುವುದು ಕಾಣಬಹುದು. "ಹುಡುಗ ಸೋಮಾರಿಯಾದ" ಎಂದು ಮನೆಯವರು ಬೈಯುವ ಮೊದಲು ಇದನ್ನು ನೆನಪಿಡಬೇಕು.

ಆದರೆ ಇನ್ನೊಂದು ಪಕ್ಕವನ್ನೂ ಹೇಳಬೇಕು. ಬಾಲ್ಯದಲ್ಲಿ ಕೊರತೆಯಿದ್ದವರಿಗೆಲ್ಲ ಜೀವನಪರ್ಯಂತ ಚುಚ್ಚುಮದ್ದು ಬೇಕಾಗುತ್ತದೆಂದು ತಿಳಿಯಬಾರದು. ಇದೊಂದೇ ಹಾರ್ಮೋನು ಕಡಿಮೆಯಿದ್ದು, ಕಾರಣ ತಿಳಿಯದಿದ್ದ ಮಕ್ಕಳಲ್ಲಿ ಹಲವರು ಬೆಳೆದು ದೊಡ್ಡವರಾಗುವ ಹೊತ್ತಿಗೆ ಅವರ ಗ್ರಂಥಿ ಸಾಕಷ್ಟು ಹಾರ್ಮೋನನ್ನು ತಾನೇ ಕೊಡುತ್ತಿರುತ್ತದೆ. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ಮರುಪರೀಕ್ಷೆ ಹೇಳಬೇಕೇ ಹೊರತು ಮನೆಯವರ ಊಹೆಯಲ್ಲ.

ಮರುಪರೀಕ್ಷೆಯ ಕ್ರಮ ಹೀಗಿದೆ. ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರಿಗಿಂತ ಕಡಿಮೆ ಬೆಳೆಯುವ ಹಂತ ಬಂದಾಗ, ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಮೂಳೆ ಬಲಿತಿರುವುದು ಕಂಡಾಗ, ವೈದ್ಯರು ಬೆಳವಣಿಗೆಯ ಹಾರ್ಮೋನಿನ ಚುಚ್ಚುಮದ್ದನ್ನು ಕನಿಷ್ಠ ಒಂದು ತಿಂಗಳು ನಿಲ್ಲಿಸಲು ಹೇಳುತ್ತಾರೆ. ನಿಲ್ಲಿಸುವುದು ಅದೊಂದನ್ನೇ, ಇತರ ಮಾತ್ರೆಗಳನ್ನಲ್ಲ. ಬಳಿಕ ರಕ್ತದಲ್ಲಿ ಐಜಿಎಫ್-1 ಎಂಬ ಅಂಶವನ್ನು ಅಳೆಯುತ್ತಾರೆ. ಬೆಳವಣಿಗೆಯ ಹಾರ್ಮೋನು ದಿನವಿಡೀ ಒಂದೇ ಸಮನೆ ಹರಿಯುವುದಿಲ್ಲ. ಅಲೆ ಅಲೆಯಾಗಿ, ಹೆಚ್ಚಾಗಿ ರಾತ್ರಿಯ ನಿದ್ರೆಯಲ್ಲಿ ಹೊರಡುತ್ತದೆ. ಆದುದರಿಂದ ಯಾವಾಗಲೋ ಒಮ್ಮೆ ತೆಗೆದ ರಕ್ತದಿಂದ ಅದರ ಲೆಕ್ಕ ಸಿಗದು. ಆಸ್ಪತ್ರೆಯಲ್ಲಿಯೇ ಇರಿಸಿಕೊಂಡು, ಗ್ರಂಥಿಯನ್ನು ಕೆಣಕುವ ಔಷಧ ಕೊಟ್ಟು, ಕೆಲವು ಗಂಟೆಗಳ ಕಾಲ ಮತ್ತೆ ಮತ್ತೆ ರಕ್ತ ತೆಗೆದು ನೋಡುತ್ತಾರೆ. ಗ್ರಂಥಿಯ ರಚನೆಯಲ್ಲಿಯೇ ದೋಷವಿದ್ದವರಿಗೆ, ವಂಶವಾಹಿಯ ದೋಷ ಸ್ಥಿರಪಟ್ಟವರಿಗೆ, ಇತರ ಮೂರಾದರೂ ಪಿಟ್ಯುಟರಿ ಹಾರ್ಮೋನುಗಳ ಕೊರತೆಯೊಡನೆ ಐಜಿಎಫ್-1 ಕೂಡ ತಗ್ಗಿದವರಿಗೆ ಈ ದೀರ್ಘ ಪರೀಕ್ಷೆ ಬೇಕಾಗದಿರಬಹುದು. ಅವರಲ್ಲಿ ಕೊರತೆ ಉಳಿಯುವುದು ಬಹುಮಟ್ಟಿಗೆ ಖಚಿತ.

ಕೊರತೆ ಉಳಿದಿದೆಯೆಂದು ತಿಳಿದರೂ ಎದೆಗುಂದಬೇಕಾಗಿಲ್ಲ. ವಯಸ್ಕರಿಗೆ ಬೇಕಾಗುವ ಪ್ರಮಾಣ ಬೆಳೆಯುವ ಮಕ್ಕಳಿಗಿಂತ ಬಹಳ ಕಡಿಮೆ. ಅಲ್ಪದಿಂದ ಆರಂಭಿಸಿ ರಕ್ತಪರೀಕ್ಷೆ ನೋಡಿ ಹೊಂದಿಸುತ್ತಾರೆ. ಕೀಲುನೋವು, ಕೈಕಾಲುಗಳ ಊತ, ರಕ್ತದ ಸಕ್ಕರೆ ಇವುಗಳ ಮೇಲೆ ಗಮನವಿಡುತ್ತಾರೆ. ಮೂಳೆಗಳ ಬೆಳವಣಿಗೆಯ ತುದಿಗಳು ಒಮ್ಮೆ ಬೆಸೆದುಕೊಂಡ ಮೇಲೆ ಯಾವ ಔಷಧದಿಂದಲೂ ಎತ್ತರ ಹೆಚ್ಚದು. ಆದುದರಿಂದ ಎತ್ತರ ಹೆಚ್ಚಿಸುವ ಪುಡಿ, ಲೇಹ್ಯಗಳ ಜಾಹೀರಾತುಗಳಿಗೆ ಮರುಳಾಗಿ ಹಣ ಕಳೆದುಕೊಳ್ಳಬಾರದು.

ಇನ್ನು ಆ ಬೆಳಗಿನ ಮಾತ್ರೆಯ ವಿಚಾರ. ನಮ್ಮ ದೇಹವು ಜ್ವರ, ಪೆಟ್ಟು, ಶಸ್ತ್ರಚಿಕಿತ್ಸೆಗಳನ್ನು ತಡೆದುಕೊಳ್ಳುವುದು ಕಾರ್ಟಿಸೋಲ್ ಎಂಬ ಹಾರ್ಮೋನಿನ ಬಲದಿಂದ. ಪಿಟ್ಯುಟರಿಯ ಅಪ್ಪಣೆ ಬಾರದಿದ್ದರೆ ಅಡ್ರಿನಲ್ ಗ್ರಂಥಿಗಳು ಅದನ್ನು ಸಾಕಷ್ಟು ತಯಾರಿಸವು. ಹೈಡ್ರೋಕಾರ್ಟಿಸೋನ್ ಮಾತ್ರೆ ಆ ಜಾಗವನ್ನು ತುಂಬುತ್ತದೆ. ಆರೋಗ್ಯವಂತನಿಗೆ ಜ್ವರ ಬಂದಾಗ ದೇಹ ತಾನೇ ಕಾರ್ಟಿಸೋಲನ್ನು ಹೆಚ್ಚಿಸಿಕೊಳ್ಳುತ್ತದೆ. ಇವರ ದೇಹಕ್ಕೆ ಅದು ಅಸಾಧ್ಯ. ಆದುದರಿಂದ ಜ್ವರದ ದಿನಗಳಲ್ಲಿ ವೈದ್ಯರು ಬರೆದುಕೊಟ್ಟ ಪ್ರಕಾರ ಮಾತ್ರೆಯನ್ನು ಸಾಮಾನ್ಯವಾಗಿ ಎರಡರಷ್ಟು ಇಲ್ಲವೆ ಮೂರರಷ್ಟು ಮಾಡಬೇಕಾಗುತ್ತದೆ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ತಡಮಾಡದೆ ಹೈಡ್ರೋಕಾರ್ಟಿಸೋನ್ ಚುಚ್ಚುಮದ್ದು ಬೀಳಬೇಕು. ವಯಸ್ಕರಿಗೆ ಅದರ ಪ್ರಮಾಣ 100 ಮಿಲಿಗ್ರಾಂ. ಚಿಕ್ಕ ಮಕ್ಕಳಿಗೆ ಇದಕ್ಕಿಂತ ಕಡಿಮೆ. ಬಾಲ್ಯದಲ್ಲಿ ಬರೆದುಕೊಟ್ಟ ಹಳೆಯ ಚೀಟಿಯನ್ನೇ ಹಿಡಿದು ಕುಳಿತರೆ ಬೆಳೆದ ಯುವಕನಿಗೆ ಅರೆಬರೆ ಔಷಧ ಬಿದ್ದೀತು. ಥೈರಾಯ್ಡ್ ಮಾತ್ರೆಯನ್ನು ಹೊಸದಾಗಿ ಆರಂಭಿಸುವ ಮೊದಲು ಕಾರ್ಟಿಸೋಲಿನ ಕೊರತೆಯನ್ನು ಸರಿಪಡಿಸಿರಬೇಕೆಂಬುದೂ ಒಂದು ನಿಯಮ. ಇವೆಲ್ಲವನ್ನೂ ತೂಗಿ ನೋಡುವವರು ನಿರ್ನಾಳ ಗ್ರಂಥಿಗಳ ತಜ್ಞರು. ದೊಡ್ಡವರ ವಿಭಾಗಕ್ಕೆ ಹೋಗಿ ಎಂದು ಮಕ್ಕಳ ವೈದ್ಯರು ಹೇಳುವುದು ಕೈತೊಳೆದುಕೊಳ್ಳಲಿಕ್ಕಲ್ಲ. ಸರಿಯಾದ ಕೈಗೆ ಒಪ್ಪಿಸಲಿಕ್ಕೆ.

ಆದರೂ ಹದಿನೆಂಟರ ಈ ಹೊಸ್ತಿಲಿನಲ್ಲಿ ಎಡವುವವರುಂಟು. ಶಾಲೆಗಳಲ್ಲಿ, ಅಂಗನವಾಡಿಗಳಲ್ಲಿ ಮಕ್ಕಳನ್ನು ಪರೀಕ್ಷಿಸಲು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೂ ಹುಟ್ಟಿನಿಂದ ಹದಿನೆಂಟರವರೆಗಿನವರಿಗೆ ಮಾತ್ರ. ಅದಾದ ಮೇಲೆ ಯಾರೂ ಹುಡುಕಿಕೊಂಡು ಬರುವುದಿಲ್ಲ, ನಾವೇ ಹೋಗಬೇಕು. ಅದೇ ಹೊತ್ತಿಗೆ ಕಾಲೇಜು ಬದಲಾಗುತ್ತದೆ, ಕೆಲವರು ಬೆಂಗಳೂರಿನ ಹಾಸ್ಟೆಲ್ ಸೇರುತ್ತಾರೆ, ಕೆಲವರು ವಿಮಾನ ನಿಲ್ದಾಣದ ಕಡೆಯೋ ಕಾರ್ಖಾನೆಗಳಲ್ಲೋ ಕೆಲಸ ಹಿಡಿಯುತ್ತಾರೆ. ಚುಚ್ಚುಮದ್ದನ್ನು ಎರಡರಿಂದ ಎಂಟು ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಲೂ ಬಾರದು. ಮನೆಯ ಫ್ರಿಜ್ಜಿನಲ್ಲಿ ತಾಯಿ ಇಡುತ್ತಿದ್ದುದನ್ನು ಹಾಸ್ಟೆಲಿನಲ್ಲಿ ಎಲ್ಲಿಡುವುದೆಂಬ ಸಣ್ಣ ಪ್ರಶ್ನೆಗೆ ಉತ್ತರ ಸಿಗದೆಯೇ ಚಿಕಿತ್ಸೆ ನಿಂತುಹೋಗುವುದುಂಟು. ಇದನ್ನು ಮೊದಲೇ ಯೋಚಿಸಬೇಕು, ವಾರ್ಡನ್ನರಿಗೆ ತಿಳಿಸಬೇಕು.

ನಮ್ಮ ನಾಲ್ಕು ತಾಲ್ಲೂಕುಗಳ ಜನರಿಗೆ ಒಂದು ಅನುಕೂಲವಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಲ್ಲಿಂದ ಹೊರಟರೂ ಬೆಂಗಳೂರು ಒಂದು ದಿನದ ಹೋಗಿಬರುವ ದಾರಿ. ದೂರದ ಬೀದರ, ರಾಯಚೂರುಗಳ ತಂದೆತಾಯಿಗಳಿಗೆ ಈ ಭಾಗ್ಯವಿಲ್ಲ. ಮಕ್ಕಳಿಗಾಗಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಿದೆ. ದೊಡ್ಡವರಿಗಾಗಿ, ಮೊದಲು ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಡಯಾಬಿಟಾಲಜಿ ಎಂದಿದ್ದು ಈಗ ಎಂಡೊಕ್ರೈನಾಲಜಿ ಸಂಸ್ಥೆಯಾಗಿರುವ ಸರ್ಕಾರಿ ಸಂಸ್ಥೆಯುಂಟು. ಸೇಂಟ್ ಜಾನ್ಸ್, ರಾಮಯ್ಯ ಮೊದಲಾದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿಯೂ ಈ ವಿಭಾಗವಿದೆ. ನೆಲಮಂಗಲದವರು ಈಗ ಮಾದಾವರದವರೆಗೆ ಬಸ್ಸಿನಲ್ಲಿ ಬಂದು ಮೆಟ್ರೋ ಹತ್ತಿದರೆ ನೇರವಾಗಿ ಜಯನಗರದ ಕಡೆ ಇಳಿಯಬಹುದು.

ವೆಚ್ಚದ ಚಿಂತೆ ಸಹಜವಾದುದು. ಈ ಔಷಧ ಅಗ್ಗದ್ದಲ್ಲ. ಆದರೆ 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ಎರಡನೆಯ ಗುಂಪಿನಲ್ಲಿ, ಪರೀಕ್ಷೆಯಿಂದ ದೃಢಪಟ್ಟ ಬೆಳವಣಿಗೆಯ ಹಾರ್ಮೋನಿನ ಕೊರತೆಯ ಚಿಕಿತ್ಸೆಯೂ ಸೇರಿದೆ ಎಂಬುದು ಎಷ್ಟೋ ಕುಟುಂಬಗಳಿಗೆ ಗೊತ್ತಿಲ್ಲ. 2022ರಲ್ಲಿ ಈ ನೀತಿಯ ಎಲ್ಲ ಗುಂಪುಗಳ ರೋಗಿಗಳಿಗೂ ನೆರವಿನ ಮಿತಿಯನ್ನು 50 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಹಣ ಕುಟುಂಬದ ಕೈಗೆ ಬರುವುದಿಲ್ಲ. ಸರ್ಕಾರ ಗುರುತಿಸಿದ ಶ್ರೇಷ್ಠತಾ ಕೇಂದ್ರದ ಮೂಲಕ ಚಿಕಿತ್ಸೆಗೆ ಸಲ್ಲುತ್ತದೆ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಎಂಬ ತಳಿವಿಜ್ಞಾನ ಸಂಸ್ಥೆಯು ಇಂದಿರಾ ಗಾಂಧಿ ಆಸ್ಪತ್ರೆಯೊಡಗೂಡಿ ಅಂತಹ ಕೇಂದ್ರವಾಗಿದೆ. ಮಗುವಿಗೆ ಹದಿನೆಂಟು ತುಂಬುವ ಮೊದಲೇ ಅಲ್ಲಿ ಹೋಗಿ, ಮುಂದೆ ನೆರವು ಹೇಗೆ ಎಂಬುದನ್ನು ಕೇಳಿ ತಿಳಿದು, ದಾಖಲೆಗಳನ್ನು ಸಿದ್ಧಪಡಿಸಿಕೊಳ್ಳುವುದು ಜಾಣತನ.

ಎಲ್ಲಕ್ಕಿಂತ ಮುಖ್ಯವಾದುದು ಮನೆಯೊಳಗಿನ ಸಿದ್ಧತೆ. ಮಗ್ಗದ ಮನೆಯಲ್ಲಿ ತಂದೆ ಒಂದೇ ದಿನ ಎಲ್ಲವನ್ನೂ ಮಗನಿಗೆ ಒಪ್ಪಿಸುವುದಿಲ್ಲ. ಮೊದಲು ಕಂಡಿಕೆ ಸುತ್ತಲು ಕೂರಿಸುತ್ತಾನೆ, ಬಳಿಕ ಕಡಿದ ಎಳೆ ಗಂಟುಹಾಕಲು ಕಲಿಸುತ್ತಾನೆ, ಆಮೇಲಷ್ಟೇ ಮಗ್ಗಕ್ಕೆ ಬಿಡುತ್ತಾನೆ. ಚಿಕಿತ್ಸೆಯನ್ನು ಒಪ್ಪಿಸುವುದೂ ಹಾಗೆಯೇ. ಹನ್ನೆರಡು ಹದಿಮೂರರಲ್ಲಿ ಮಗುವಿಗೆ ತನ್ನ ಕಾಯಿಲೆಯ ಹೆಸರು ತಿಳಿದಿರಬೇಕು. ಹದಿನಾಲ್ಕು ಹದಿನೈದರಲ್ಲಿ ತಾಯಿಯ ಎದುರಿಗೆ ತಾನೇ ಚುಚ್ಚಿಕೊಳ್ಳಲು ಕಲಿಯಬೇಕು. ಹದಿನಾರರಲ್ಲಿ ಔಷಧಗಳ ಹೆಸರು, ಪ್ರಮಾಣ, ಜ್ವರ ಬಂದಾಗ ಮಾಡಬೇಕಾದುದು ಬಾಯಿಪಾಠವಾಗಿರಬೇಕು. ವೈದ್ಯರ ಕೋಣೆಯಲ್ಲಿ ಸ್ವಲ್ಪ ಹೊತ್ತಾದರೂ ಒಬ್ಬನೇ ಕುಳಿತು ಮಾತನಾಡಲು ಬಿಡಬೇಕು. ಮೈಬೆಳವಣಿಗೆಯ, ಮುಟ್ಟಿನ, ಮುಂದಿನ ಸಂಸಾರದ ಪ್ರಶ್ನೆಗಳನ್ನು ಹೆತ್ತವರ ಮುಂದೆ ಕೇಳಲು ಮಕ್ಕಳಿಗೆ ಸಂಕೋಚ. ಮಕ್ಕಳ ವಿಭಾಗದ ಕೊನೆಯ ಭೇಟಿಗೆ ಮೊದಲೇ ದೊಡ್ಡವರ ವಿಭಾಗದ ಮೊದಲ ಭೇಟಿಯ ದಿನ ಗೊತ್ತಾಗಿರಬೇಕು.

ಒಂದು ಕಡತವೂ ಬೇಕು. ಹೆರಿಗೆಯ ವಿವರ, ಮೊದಲ ಪರೀಕ್ಷೆಯ ವರದಿ, ಮೆದುಳಿನ ಎಂ.ಆರ್.ಐ., ವರ್ಷವರ್ಷದ ಎತ್ತರದ ಪಟ್ಟಿ, ಔಷಧದ ಪ್ರಮಾಣ ಬದಲಾದ ದಿನಾಂಕಗಳು, ಶಸ್ತ್ರಚಿಕಿತ್ಸೆ ವಿಕಿರಣಗಳಾಗಿದ್ದರೆ ಅವುಗಳ ಟಿಪ್ಪಣಿ, ಕೊನೆಯ ರಕ್ತಪರೀಕ್ಷೆ, ಮಕ್ಕಳ ವೈದ್ಯರ ಪತ್ರ ಎಲ್ಲವೂ ಅದರಲ್ಲಿರಲಿ. ಹೈಡ್ರೋಕಾರ್ಟಿಸೋನ್ ತೆಗೆದುಕೊಳ್ಳುವವರ ಜೇಬಿನಲ್ಲಿ, ಅಪಾಯದ ಹೊತ್ತಿಗೆ ಏನು ಕೊಡಬೇಕೆಂದು ವೈದ್ಯರು ಬರೆದ ಚೀಟಿ ಸದಾ ಇರಲಿ. ಅಪಘಾತವಾಗಿ ಪ್ರಜ್ಞೆ ತಪ್ಪಿದಾಗ ಆ ಚೀಟಿಯೇ ಮಾತನಾಡಬೇಕು.

ಇನ್ನು ಆ ತಾಯಿಯ ಮನಸ್ಸಿನ ಆಳದಲ್ಲಿದ್ದ ಮಾತು: ಮದುವೆ. ನೆಂಟಸ್ತಿಕೆ ತಪ್ಪೀತೆಂಬ ಅಂಜಿಕೆಯಿಂದ ಕಾಯಿಲೆಯನ್ನು ಮುಚ್ಚಿಡುವ ಮನೆಗಳಿವೆ. ಮುಚ್ಚಿಟ್ಟ ಮದುವೆಯಲ್ಲಿ ಗಂಡನೋ ಹೆಂಡತಿಯೋ ಕದ್ದು ಮಾತ್ರೆ ನುಂಗಬೇಕಾಗುತ್ತದೆ. ಒಂದು ದಿನ ತಪ್ಪುತ್ತದೆ, ಮತ್ತೊಂದು ದಿನ ತಪ್ಪುತ್ತದೆ, ಜ್ವರ ಬಂದ ರಾತ್ರಿ ಪಕ್ಕದಲ್ಲಿರುವವರಿಗೆ ಏನು ಮಾಡಬೇಕೆಂದು ತಿಳಿಯದು. ಇದಕ್ಕಿಂತ ದೊಡ್ಡ ಅಪಾಯವಿಲ್ಲ. ನಿಯಮಿತ ಚಿಕಿತ್ಸೆಯಲ್ಲಿರುವವರು ದುಡಿಯಬಲ್ಲರು, ಸಂಸಾರ ನಡೆಸಬಲ್ಲರು. ಸಂತಾನಕ್ಕೆ ಸಂಬಂಧಿಸಿದ ಹಾರ್ಮೋನಿನ ಕೊರತೆಯಿದ್ದರೂ ಹಲವರಿಗೆ ಚಿಕಿತ್ಸೆಯಿಂದ ಮಕ್ಕಳಾಗುವ ದಾರಿಯಿದೆ. ಜಗತ್ಪ್ರಸಿದ್ಧ ಫುಟ್‌ಬಾಲ್ ಆಟಗಾರ ಲಿಯೋನೆಲ್ ಮೆಸ್ಸಿ ಬಾಲ್ಯದಲ್ಲಿ ಇದೇ ಕೊರತೆಗೆ ಚುಚ್ಚುಮದ್ದು ತೆಗೆದುಕೊಂಡವರು. ಅದನ್ನು ಅವರು ಬಚ್ಚಿಡಲಿಲ್ಲ. ಎರಡೂ ಕಡೆಯ ಹಿರಿಯರು ಕುಳಿತು, ಬೇಕಾದರೆ ವೈದ್ಯರನ್ನೂ ಕೇಳಿ, ಉಳ್ಳದ್ದನ್ನು ಉಳ್ಳಂತೆ ಹೇಳಿ ಮಾಡಿದ ಸಂಬಂಧವೇ ಬಾಳುತ್ತದೆ. ಸಭೆ ಸಮಾರಂಭಗಳಲ್ಲಿ ಇಂತಹ ಮಕ್ಕಳನ್ನು "ಕುಳ್ಳ" ಎಂದು ಕರೆದು ನಗುವ ಚಾಳಿಯನ್ನು ನಾವೆಲ್ಲರೂ ಬಿಡಬೇಕು. ಮುಚ್ಚಿಡುವ ಬುದ್ಧಿ ಹುಟ್ಟುವುದು ಆ ನಗೆಯಿಂದಲೇ.

ಆ ದೊಡ್ಡಬಳ್ಳಾಪುರದ ಮನೆಯಿಂದ ಹತ್ತು ದಿನಗಳ ಬಳಿಕ ದೂರವಾಣಿ ಬಂದಿತು. ಮಾತನಾಡಿದವನು ಮಗನೇ. ಹೊಸ ವೈದ್ಯರನ್ನು ಕಂಡು ಬಂದನಂತೆ, ಮರುಪರೀಕ್ಷೆಗೆ ದಿನ ಗೊತ್ತಾಗಿದೆಯಂತೆ. ತನ್ನ ಮಾತ್ರೆಗಳ ಹೆಸರನ್ನೂ ಪ್ರಮಾಣವನ್ನೂ ತಡವರಿಸದೆ ಹೇಳಿದ. "ಕಡತ ಈಗ ನನ್ನ ಹತ್ತಿರವೇ ಇದೆ" ಎಂದ. ಪರೀಕ್ಷೆಯ ಫಲ ಏನೇ ಬರಲಿ, ಆಗಬೇಕಾದ ಮುಖ್ಯ ಕೆಲಸ ಆಗಿದೆ ಎನಿಸಿತು.

ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇಂತಹ ಮಗುವಿದ್ದರೆ ಈ ಪುಟವನ್ನು ಓದಿ ಹೇಳಿ. ಬೀರುವಿನಲ್ಲಿ ಚೀಟಿಯೇನಾದರೂ ಉಳಿದಿದ್ದರೆ ಇಂದೇ ಹೊರತೆಗೆಯಿರಿ.